ಹವಾಲ್ದಾರ ಶರಣಬಸವನ ಪಾಯಿಂಟು

ಭಾಲ್ಕಿ ತಾಲೂಕಿನ ಶರಣಬಸವ ಈಗ ಸಂಭಾಜಿನಗರದ ಹೊರವಲಯದ ಶೇಂದ್ರಾದಲ್ಲಿ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತು ಲಾರಿಗಳಿಗೆ ಕೈ ತೋರಿಸುತ್ತಾನೆ. ಮೈಮೇಲೆ ಗುತ್ತಿಗೆದಾರ ಕೊಟ್ಟ ನೀಲಿ ಅಂಗಿ, ಕಾಲಲ್ಲಿ ಮಾತ್ರ ಹಳೆಯ ಮಿಲಿಟರಿ ಬೂಟು. ಅದನ್ನು ದಿನವೂ ಮುಖ ಕಾಣುವ ಹಾಗೆ ತಿಕ್ಕುತ್ತಾನೆ. ಒಂದು ಕಾಲಕ್ಕೆ ಅವನು ನಾಸಿಕದ ದಂಡಿನಲ್ಲಿ, ತೋಪಖಾನೆಯ ಹವಾಲ್ದಾರ. ಹಾಗೆ ಹೇಳಿಕೊಳ್ಳುವ ಅಧಿಕಾರ ಈಗ ಅವನಿಗಿಲ್ಲ. ಕೋರ್ಟ್ ಮಾರ್ಷಲ್ ಆಗಿ ವಜಾಗೊಂಡವನನ್ನು ಸರ್ಕಾರ ಮಾಜಿ ಸೈನಿಕ ಎನ್ನುವುದಿಲ್ಲ. ಮತ್ತೇನು ಅನ್ನುತ್ತದೆ? ಏನೂ ಅನ್ನುವುದಿಲ್ಲ.

ಅವನು ಕದ್ದವನಲ್ಲ, ಕುಡಿದು ಯಾರನ್ನೂ ಹೊಡೆದವನಲ್ಲ. ಸಿಪಾಯಿಗಳಿಗೊಂದು ಸಂಘ ಬೇಕು ಅಂದ, ಅಷ್ಟೆ.

ಇದಕ್ಕೆಲ್ಲ ಮೂಲ ಹುಮನಾಬಾದ್ ಕಡೆಯ ವೈಜನಾಥ. ಪಲ್ಟಣಿನಲ್ಲಿ ಶರಣಬಸವನ ಜೊತೆ ಕನ್ನಡ ಮಾತಾಡಲು ಸಿಕ್ಕ ಒಬ್ಬನೇ ಒಬ್ಬ, ಒಡಹುಟ್ಟಿದ ತಮ್ಮನಂಥವ. ಅವನನ್ನು ಸಾಹೇಬರೊಬ್ಬರ ಮನೆಗೆ ಸಹಾಯಕನೆಂದು ಹಾಕಿದ್ದರು. ಬಂದೂಕು ಹಿಡಿಯಲು ಸೇರಿದವ ಅಲ್ಲಿ ಸಾಹೇಬರ ನಾಯಿಗೆ ಮೈ ತೊಳೆಯುತ್ತಿದ್ದ. ಊರಲ್ಲಿ ತಾಯಿ ಮಲ್ಲಮ್ಮ ಹಾಸಿಗೆ ಹಿಡಿದಾಗ ರಜೆ ಕೇಳಿದ. ಸಾಹೇಬರ ಮನೆಗೆ ಬೀಗರು ಬಂದಿದ್ದರು, ಆಮೇಲೆ ನೋಡೋಣ ಅಂದರು. ಕೊನೆಗೂ ಅವನು ಊರು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿಯಾಗಿತ್ತು.

ಮರಳಿ ಬಂದವನು ಊಟ ಬಿಟ್ಟು ಕೂತ. ಶರಣಬಸವನಿಗೆ ಅದನ್ನು ನೋಡಲಾಗಲಿಲ್ಲ. "ಬಸ್ ಡ್ರೈವರಗ ಸಂಘ ಅದ, ಬ್ಯಾಂಕಿನವಗ ಅದ, ಹಮಾಲಗ ಅದ. ನಮಗ್ಯಾಕ ಇಲ್ಲೋ ವೈಜು? ಹರತಾಳ ಬ್ಯಾಡ, ಘೋಷಣಾ ಬ್ಯಾಡ. ಎಲ್ಲಾರ ಪರವಾಗಿ ಬಾಯಿ ಬಿಡ್ಲಿಕ್ಕ ನಾಕು ಮಂದಿ ಇದ್ರ ಸಾಕು."

ಸಿಪಾಯಿ ಸಂಘ ಕಟ್ಟುವುದಕ್ಕೆ ಕಾನೂನು ಬಿಡುವುದಿಲ್ಲ. ಅದರ ಬದಲಿಗೆ ಅವನಿಗೆ ಕೊಟ್ಟಿರುವುದು ದರ್ಬಾರು. ಆಗಾಗ ಎಲ್ಲರನ್ನೂ ಕೂರಿಸಿ ಕರ್ನಲ್ ಸಾಹೇಬರು 'ಕೋಯಿ ಪಾಯಿಂಟ್?' ಎಂದು ಕೇಳುತ್ತಾರೆ, ಯಾರಿಗಾದರೂ ಹೇಳುವುದಿದೆಯೇ ಎಂದು. ಯಾರು ಏನು ಹೇಳಬೇಕೆಂಬುದನ್ನು ಸುಬೇದಾರರು ಮೊದಲೇ ಜರಡಿ ಹಿಡಿದಿರುತ್ತಾರೆ. ಜರಡಿಯಲ್ಲಿ ಉಳಿಯುವುದು ಬಚ್ಚಲಿನ ನಲ್ಲಿ, ಮೆಸ್ಸಿನ ಬೇಳೆ. ಮಿಕ್ಕವರೆಲ್ಲ ಒಂದೇ ದನಿಯಲ್ಲಿ 'ಕೋಯಿ ಪಾಯಿಂಟ್ ನಹೀಂ, ಸಾಬ್' ಅಂದರೆ ದರ್ಬಾರು ಮುಗಿಯಿತು, ಚಹಾ ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಆ ಸಲದ ದರ್ಬಾರಿನಲ್ಲಿ ಶರಣಬಸವ ಸುಬೇದಾರರಿಗೆ ಹೇಳದೆಯೇ ಎದ್ದು ನಿಂತ. ನಮ್ಮ ಮಾತು ಹೇಳುವುದಕ್ಕೆ ನಮ್ಮದೇ ಒಂದು ಸಂಘ ಬೇಕು ಸಾಬ್, ಅಂದ. ಮೊದಲೇ ಮಾತಾಗಿದ್ದಂತೆ ಹಿಂದಿನಿಂದ ವೈಜನಾಥ ಎದ್ದ, ಆಮೇಲೆ ಸಾಲಿಗೆ ಸಾಲೇ ಎದ್ದಿತು. ಅಷ್ಟು ಬೂಟುಗಳ ಸದ್ದು ಕೇಳಿ ಶರಣಬಸವನ ಎದೆ ತುಂಬಿ ಬಂತು. ಹುಚ್ಚಪ್ಪ! ಒಬ್ಬ ಎದ್ದರೆ ಅರಿಕೆ, ಎಲ್ಲರೂ ಎದ್ದರೆ ದಂಗೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ವಿಚಾರಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಹವಾಲ್ದಾರ ಏಳಿರಿ ಅಂದ, ಎದ್ದೆವು, ಅಂದರು ಎಲ್ಲರೂ. ವೈಜನಾಥನೂ ಅದನ್ನೇ ಅಂದ. ಹತ್ತು ಮಂದಿಯ ಕಡ್ಡಿ ಒಬ್ಬನ ತಲೆಯ ಹೊರೆಯಾಯಿತು. ಶರಣಬಸವ ಮಾತ್ರ ಯಾರ ಹೆಸರನ್ನೂ ಎತ್ತಲಿಲ್ಲ. ಕೆಲವು ತಿಂಗಳು ಜೈಲು, ಆಮೇಲೆ ಮನೆ. ಪಿಂಚಣಿ ಹೋಯಿತು, ಪದಕಗಳೂ ಹೋದವು. ಹೆಂಡತಿ ಈರಮ್ಮನ ತವರಿನವರು ಸಂಭಾಜಿನಗರದಲ್ಲಿದ್ದರು, ಗಂಡ ಹೆಂಡತಿ ಅವರ ಆಸರೆಗೆ ಬಂದು ಬಿದ್ದರು.

ಈರಮ್ಮ ರೊಟ್ಟಿ ಬಡಿಯುವಾಗಲೆಲ್ಲ ವೈಜನಾಥನಿಗೆ ಶಾಪ ಹಾಕುತ್ತಿದ್ದಳು. ಶರಣಬಸವ ತಡೆಯುತ್ತಿದ್ದ. "ಅವಂದೇನು ತಪ್ಪದ? ಕಾಯ್ದೇನೇ ಹಂಗದ. ಕುತ್ತಿಗಿ ಮ್ಯಾಲ ಕಾಯ್ದೆ ಕುಂತಾಗ ಯಾರ್ ನಿಲ್ತಾರ ಹೇಳು?" ಈ ಒಂದು ಮಾತನ್ನು ಊರುಗೋಲು ಮಾಡಿಕೊಂಡು ಅವನು ಇಷ್ಟು ವರ್ಷ ನಡೆದ.

ಹೋದ ಚಳಿಗಾಲದ ಒಂದು ಭಾನುವಾರ ವೈಜನಾಥನೇ ಮನೆ ಬಾಗಿಲಿಗೆ ಬಂದ. ನಿವೃತ್ತನಾಗಿ ಇದೇ ಊರಲ್ಲಿ ಮನೆ ಮಾಡಿದ್ದ, ಹೊಟ್ಟೆ ಬಂದಿತ್ತು. ಬಂದವನೇ ಶರಣಬಸವನ ಕಾಲಿಗೆ ಬಿದ್ದ.

"ಅಣ್ಣಾ, ಮಾಜಿ ಸೈನಿಕರ ಸಂಘ ಕಟ್ಟೀವ್ರಿ. ನಾನೇ ಸೆಕ್ರೆಟರಿ. ನಮ್ಮ ಪಲ್ಟಣಿನವರೂ ಭಾಳ ಮಂದಿ ಅದಾರ. ಈಗ ನಾವು ಯಾರಿಗೂ ಹೆದರ್ಬೇಕಾಗಿಲ್ಲ. ಸಂಘದ ಕನಸು ಕಂಡವರು ನೀವು, ನೀವಿಲ್ದ ಅದು ಎಂಥ ಸಂಘರಿ?"

"ನನ್ನ ತಗೋತಾರೇನೋ?" ಅಂದ ಶರಣಬಸವ. ಪಿಂಚಣಿಯ ಆಸೆ ಅವನಿಗೆ ಎಂದೋ ಸತ್ತಿತ್ತು. ತನ್ನವರ ನಡುವೆ ಒಂದು ಕುರ್ಚಿಯಲ್ಲಿ ಕೂರಬೇಕು, ಯಾರಾದರೂ ಒಮ್ಮೆ ಹವಾಲ್ದಾರ ಅನ್ನಬೇಕು, ಅವನಿಗೆ ಬೇಕಾದದ್ದು ಅಷ್ಟೇ.

"ನಾ ಇದ್ದೀನಲ್ರಿ. ವೈನಿ, ಇನ್ನೊಂದು ರೊಟ್ಟಿ ಹಾಕ್ರಿ." ಈರಮ್ಮ ಹಾಕಿದಳು, ಮೊದಲ ಸಲ ಶಾಪವಿಲ್ಲದೆ.

ಸಭೆಯ ದಿನ ಮಗಳು ವೈಷ್ಣವಿ ಅವನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. "ಬಾಬಾ, ಏಕದಮ್ ಭಾರಿ ದಿಸ್ತಾಯ್" ಎಂದು ಮರಾಠಿಯಲ್ಲೇ ಹೊಗಳಿ ನಕ್ಕಳು, ಭಾರಿ ಚೆಂದ ಕಾಣುತ್ತೀರಿ ಎಂದು. ಅವನು ಬೂಟನ್ನು ಎರಡೆರಡು ಸಲ ತಿಕ್ಕಿದ.

ಸಭಾಭವನದಲ್ಲಿ ಮುಂದೆ ಸೋಫಾ, ಅದರ ಮೇಲೆ ನಿವೃತ್ತ ಅಧಿಕಾರಿಗಳು. ಅವರ ಹಿಂದಿನ ಕುರ್ಚಿಗಳಲ್ಲಿ ಸುಬೇದಾರರು, ಎಲ್ಲರಿಗಿಂತ ಹಿಂದೆ ಸಿಪಾಯಿಗಳು. ಹೀಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಗಾಣ ಬಿಚ್ಚಿದರೂ ಎತ್ತು ಸುತ್ತುವುದನ್ನು ಬಿಟ್ಟಿರಲಿಲ್ಲ. ಹಳೆಯ ಪಲ್ಟಣಿನವರು ಶರಣಬಸವನನ್ನು ನೋಡಿ ಮೊಬೈಲಿನಲ್ಲಿ ಮುಖ ಹುದುಗಿಸಿದರು. ಅವನು ಕೊನೆಯ ಸಾಲಿನ ತುದಿಯಲ್ಲಿ ಕೂತ.

ಅಧ್ಯಕ್ಷರು ನಿವೃತ್ತ ಕರ್ನಲ್, ಬೇರೆ ಪಲ್ಟಣಿನವರು. ಭಾಷಣ ಮುಗಿಸಿ ಕೇಳಿದರು, "ಕೋಯಿ ಪಾಯಿಂಟ್?"

ವೈಜನಾಥ ಎದ್ದು ನಿಂತ. ಹವಾಲ್ದಾರ ಶರಣಬಸವ ಬಂದಿದ್ದಾರೆ, ಅವರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು ಸಾಬ್, ಅಂದ. ಕೊಟ್ಟ ಮಾತಿನಂತೆ ಹೇಳಿಯೇ ಬಿಟ್ಟ. ಕರ್ನಲ್ ಸಿಟ್ಟಾಗಲಿಲ್ಲ. ವಜಾ ಆದವರು ಮಾಜಿ ಸೈನಿಕರಲ್ಲ, ಆದರೂ ಸಂಘ ನಿಮ್ಮದೇ, ನಿಯಮ ಬದಲಿಸುವುದಿದ್ದರೆ ಬದಲಿಸಿ, ಒಪ್ಪುವವರು ಎದ್ದು ನಿಲ್ಲಿ, ಎಂದರು.

ಶರಣಬಸವ ಕಿವಿ ನಿಮಿರಿಸಿ ಕೂತ. ಅಂದು ಬೆನ್ನ ಹಿಂದೆ ಕೇಳಿದ್ದ ಬೂಟುಗಳ ಸದ್ದು ಇಂದು ಎದುರಿನಿಂದ ಬರಬೇಕಿತ್ತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ನಿಂತಿದ್ದವನು ವೈಜನಾಥ ಒಬ್ಬನೇ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಸೋಫಾದ ಕಡೆ ನೋಡಿದ. ಆಮೇಲೆ ಮೆಲ್ಲಗೆ ಕೂತುಬಿಟ್ಟ.

ಶರಣಬಸವ ಹೊರಗೆ ಬಂದು ಗೇಟಿನ ಹತ್ತಿರ ನಿಂತ. ಒಳಗೆ ಊಟ ಶುರುವಾಗಿತ್ತು. ವೈಜನಾಥ ಒಂದು ತಟ್ಟೆ ಹಿಡಿದುಕೊಂಡು ಓಡಿ ಬಂದ, ಪೂರಿ, ಶ್ರೀಖಂಡ, ಬಟಾಟೆ ಭಾಜಿ.

"ಉಂಡು ಹೋಗ್ರಿ ಅಣ್ಣಾ. ಮುಂದಿನ ಸಭಾದಾಗ ಮತ್ತ ಕೇಳ್ತೀನ್ರಿ."

"ಆವತ್ತು ಕಾಯ್ದೆ ಇತ್ತು ವೈಜು," ಅಂದ ಶರಣಬಸವ. "ಇವತ್ತೇನಿತ್ತು?"

ವೈಜನಾಥ ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದ. ಶರಣಬಸವನಿಗೆ ಒಂದೇ ಸಲಕ್ಕೆ ಅಷ್ಟೂ ವರ್ಷಗಳ ಸಿಟ್ಟು ಬಂತು. ಜೈಲಿನಲ್ಲಿ ಬರಬೇಕಿದ್ದ ಸಿಟ್ಟು, ಈರಮ್ಮ ಶಪಿಸುವಾಗ ಬರಬೇಕಿದ್ದ ಸಿಟ್ಟು. ಊರುಗೋಲು ಇವತ್ತು ಮುರಿದಿತ್ತು.

"ಏನರ ಅನ್ರಿ ಅಣ್ಣಾ," ವೈಜನಾಥ ಅಳುದನಿಯಲ್ಲಿ ಅಂದ. "ಬೈಯೋದಿದ್ರ ಬೈರಿ. ಏನರ ಹೇಳ್ರಿ."

ಶರಣಬಸವ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತ.

"ಕೋಯಿ ಪಾಯಿಂಟ್ ನಹೀಂ, ಸಾಬ್," ಅಂದು ಶೇಂದ್ರಾದ ಬಸ್ಸು ಹತ್ತಿದ. ಅವನಿಗೆ ಎರಡನೇ ಪಾಳಿ ಇತ್ತು.