ಅಪ್ಪ ನಿಲ್ಲಿಸಿದ ಹೆಲಿಕಾಪ್ಟರ್

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದರು. ಬಲಗೈ ನಡುಗುತ್ತಿತ್ತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ತರುವಷ್ಟರಲ್ಲಿ ಅರ್ಧ ಪಂಚೆಯ ಮೇಲಿರುತ್ತಿತ್ತು. ಹೊಳೆನರಸೀಪುರದ ಸುತ್ತಮುತ್ತಲ ಗದ್ದೆಗಳಿಗೆಲ್ಲ ಪವರ್ ಟಿಲ್ಲರ್ ಹೊಡೆದ ಕೈ ಅದು. ಅವರು ತಟ್ಟೆ ಹಿಡಿದು ಹಿತ್ತಿಲಿಗೆ ಹೋಗಿ, ಬೆನ್ನು ತಿರುಗಿಸಿ ಉಣ್ಣುತ್ತಿದ್ದರು.

ಹಾಸನದ ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡು ಮೂಲೆ ಸೇರಿತು. "ನಾನೇನ್ ಸಣ್ ಮಗೀನೇನ್ಲಾ?" ಎಂದರು ಅಪ್ಪ. ಆಗ ನನ್ನ ಹುಚ್ಚು ನೆನಪಾಯಿತು. ಕಂಪ್ಯೂಟರಿನಲ್ಲಿ ಹೆಲಿಕಾಪ್ಟರ್ ಹಾರಿಸುವ ಸಿಮ್ಯುಲೇಟರ್. ನನ್ನ ಹೆಂಡತಿ ಅದನ್ನು ಸವತಿ ಎನ್ನುತ್ತಾಳೆ. ಅದನ್ನು ಹಾರಿಸುವ ಹಿಡಿಕೋಲು, ಜಾಯ್‌ಸ್ಟಿಕ್, ಅಪ್ಪನ ಕೈಗೆ ಕೊಟ್ಟೆ.

ಹೆಲಿಕಾಪ್ಟರನ್ನು ಓಡಿಸಿಬಿಡಬಹುದು, ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದೇ ಪ್ರಾಣಸಂಕಟ. ಪರದೆಯಲ್ಲಿ ಕಾಣುವ, ಅಣೆಕಟ್ಟಿನ ಹಿನ್ನೀರಲ್ಲಿ ನಿಂತ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮೇಲೆ ನಿಲ್ಲಿಸಿ ಎಂದೆ. ಟಿಲ್ಲರಿನಲ್ಲಿ ಯಾವ ಕಡೆಯ ಹಿಡಿಯಲ್ಲಿರುವ ಕ್ಲಚ್ ಹಿಂಡಿದರೆ ಆ ಕಡೆ ತಿರುಗುತ್ತದೆ. ಅದೇ ಅಭ್ಯಾಸದಲ್ಲಿ ಅಪ್ಪ ಜಾಯ್‌ಸ್ಟಿಕ್ಕಿನ ಗುಂಡಿ ಹಿಂಡುತ್ತಿದ್ದರು. ಆ ಗುಂಡಿ ಒತ್ತಿದರೆ ಹೆಲಿಕಾಪ್ಟರನ್ನು ಹೊರಗಿನಿಂದ ತೋರಿಸುತ್ತದೆ ಅಷ್ಟೆ. ಹಾಗಾಗಿ ತಮ್ಮದೇ ಹೆಲಿಕಾಪ್ಟರ್ ಹಿನ್ನೀರಿಗೆ ಬೀಳುವುದನ್ನು ದಡದಲ್ಲಿ ನಿಂತವರಂತೆ ನೋಡುತ್ತಿದ್ದರು.

"ಇದುಕ್ಕೆ ಕ್ಲಚ್ಚೇ ಇಲ್ವಲ್ಲಾ!"

ನಾನು ದೊಡ್ಡ ಮೇಷ್ಟ್ರಂತೆ ಇತಿಹಾಸ ಶುರುಮಾಡಿದೆ. ಮೊದಮೊದಲು ನೆತ್ತಿಯ ಮೇಲೆ ತಿರುಗುವ ರೆಕ್ಕೆಗಳನ್ನು ಬಿಗಿಯಾಗಿ ಕೂರಿಸಿದ್ದರಿಂದ ಇಂಥ ಯಂತ್ರಗಳು ಮಗುಚಿಕೊಳ್ಳುತ್ತಿದ್ದವಂತೆ. ರೆಕ್ಕೆಯ ಬುಡಕ್ಕೆ ಕೀಲು ಹಾಕಿ, ಮೇಲೆ ಕೆಳಗೆ ಆಡಲು ಬಿಟ್ಟ ಮೇಲೆ ನೆಟ್ಟಗೆ ಹಾರಿದವು. "ಅಂಗೆ ಬಿಗಿಯಾಗಿ ಇಡ್ಕಬ್ಯಾಡ ಕಣಪ್ಪ," ಎಂದೆ. ಅಪ್ಪ ಇನ್ನಷ್ಟು ಬಿಗಿ ಹಿಡಿದರು. ರೇಗಿ ಎದ್ದುಬಿಟ್ಟೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: "ನಾಟಿ ಪೈರು ಇಡ್ಕೊಂಡಂಗೆ ಇಡ್ಕಳಿ. ಇಸುಕಿದ್ರೆ ಸತ್ತೋಯ್ತದೆ."

ಅಪ್ಪ ಜನ್ಮದಲ್ಲಿ ನಾಟಿ ಹಾಕಿದವರಲ್ಲ, ಅದು ಹೆಂಗಸರ ಕೆಲಸ ಎಂದು ಬದುವಿನ ಮೇಲೆ ನಿಂತವರು. ಆದರೂ ಮೊಣಕೈಯನ್ನು ತೊಡೆಗೆ ಊರಿ, ಮೂರೇ ಬೆರಳಲ್ಲಿ ಹಿಡಿದರು. ಅವತ್ತೇನೂ ಪವಾಡ ಆಗಲಿಲ್ಲ. ದಿನಾ ಬೆಳಿಗ್ಗೆ ಕೂತರು, ದಿನಾ ಮುಳುಗಿಸಿದರು. ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ಒಂದು ದಿನ ಹೆಲಿಕಾಪ್ಟರ್ ಚರ್ಚಿನ ಮೇಲೆ ಸ್ವಲ್ಪ ಅಲ್ಲಾಡುತ್ತಾ ನಿಂತಿತು. ನಾನು ಉಸಿರು ಬಿಗಿಹಿಡಿದೆ. ಅಪ್ಪ ನಗುತ್ತಿದ್ದರು.

ಅವತ್ತು ಮಧ್ಯಾಹ್ನ ತಟ್ಟೆ ಹಿಡಿದು ಹಿತ್ತಿಲ ಬಾಗಿಲವರೆಗೆ ಹೋದವರು ವಾಪಸ್ಸು ಬಂದು ನನ್ನ ಪಕ್ಕ ಕೂತರು. ತುತ್ತನ್ನು ಹಗುರವಾಗಿ ಎತ್ತಿದರು. ಪಂಚೆಯ ಮೇಲೆ ಎರಡು ಹನಿ ಸಾರು ಬಿತ್ತು. ಅಪ್ಪ ಹನಿ ನೋಡಿದರು, ನನ್ನ ಹೆಂಡತಿಯ ಕಡೆ ತಟ್ಟೆ ಸರಿಸಿದರು.

"ಇನ್ನೊಂಚೂರು ಸಾರು ಬುಡವ್ವ."