ಗಾಳಿ ಕತ್ತರಿ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ನಮ್ಮ ಬೀದಿಯವರು ಇಟ್ಟ ಹೆಸರು ಗಾಳಿ ಕತ್ತರಿ. ಕ್ಷೌರದ ಅಂಗಡಿ ಅವರದು. ಕೂದಲನ್ನು ಒಂದು ಸಲ ಕತ್ತರಿಸಿದರೆ ಬರೀ ಗಾಳಿಯನ್ನು ಎರಡು ಸಲ ಕತ್ತರಿಸುವುದು ಅವರ ರೂಢಿ. ಕಚಕ್ ಎಂದರೆ ಕೂದಲು, ಕಚ್ ಕಚ್ ಎಂದರೆ ಗಾಳಿ. ಎದುರಿನ ನನ್ನ ಪಂಕ್ಚರ್ ಅಂಗಡಿಗೆ ಆ ಸದ್ದು ದಿನವಿಡೀ ಕೇಳುತ್ತಿತ್ತು.

"ಭಾವ, ಗಾಳಿಗೂ ಕೂದಲು ಬೆಳೆದಿದೆಯಾ?" ಎಂದು ಇಲ್ಲಿಂದಲೇ ಕೂಗುತ್ತಿದ್ದೆ.

"ನೀನು ಟ್ಯೂಬಿಗೆ ತುಂಬೋದು ಇದೇ ಗಾಳಿ ತಾನೇ? ಸ್ವಲ್ಪ ನೀಟಾಗಿರಲಿ ಅಂತ ಕಣೋ!"

ಇಂಥ ಮನುಷ್ಯ ಅಂಗಡಿ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ಸರಿಮಾಡಲು ಹತ್ತಿ ಏಣಿಯಿಂದ ಹಿಮ್ಮುಖವಾಗಿ ಬಿದ್ದರು. ಕುತ್ತಿಗೆಯ ಹತ್ತಿರ ಬೆನ್ನುಹುರಿ ಜಜ್ಜಿತು. ಹುರಿ ಪೂರ್ತಿ ಹರಿದಿಲ್ಲ, ಅದೇ ಪುಣ್ಯ ಎಂದರು ಡಾಕ್ಟರು. ಎಡಗೈಯಲ್ಲಿ ಕೋಲು ಹಿಡಿದು ನಡೆಯುವಷ್ಟಾದರು. ಬಲಗೈ ಮಾತ್ರ ಮುಷ್ಟಿಯಾಗಿ ಮುದುರಿಕೊಂಡಿತು, ಬಿಚ್ಚು ಎಂದರೆ ಬಿಚ್ಚದು. ಕತ್ತರಿಯನ್ನು ಮುಚ್ಚುವುದು ದೊಡ್ಡದಲ್ಲ. ತೆರೆಯಬೇಕಲ್ಲ, ಅದಕ್ಕೆ ಹೆಬ್ಬೆರಳು ಹೊರಕ್ಕೆ ಹೋಗಬೇಕು. ಅದು ಹೋಗಲಿಲ್ಲ. ಎದುರಿನ ಅಂಗಡಿಯ ಷಟರ್ ಇಳಿಯಿತು.

ನೋಡಲು ಬಂದವರನ್ನು ನೆನೆದರೆ ಈಗಲೂ ಥೂ ಎನ್ನಬೇಕೆನಿಸುತ್ತದೆ. ಹಾಸಿಗೆಯ ಅಂಚಿನಲ್ಲಿ ಕೂತು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಭಾವನ ಬೆರಳು ಹಿಸುಕುವುದು. "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎನ್ನುವುದು. ಒಬ್ಬ ಮಹಾನುಭಾವ ನಮ್ಮಕ್ಕ ಕೊಟ್ಟ ಚಹಾ ಹೀರುತ್ತಾ, "ಹೀಗೆ ನರಳೋದಕ್ಕಿಂತ ಹೋಗಿದ್ರೇ ಚೆನ್ನಾಗಿತ್ತೇನೋ" ಎಂದ. ಲೋಟ ಕಿತ್ತುಕೊಂಡು ಬಾಗಿಲು ತೋರಿಸಿದೆ. ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು.

ಆಗ ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಮೇಡಂ ಒಂದು ಹೊಸ ಚಿಕಿತ್ಸೆಯ ಮಾತೆತ್ತಿದರು. ಮುಖಕ್ಕೆ ಮಾಸ್ಕ್ ಹಾಕಿ, ಆಮ್ಲಜನಕ ಕಡಿಮೆ ಇರುವ ಗಾಳಿಯನ್ನು ಸ್ವಲ್ಪ ಹೊತ್ತು ಕೊಡುತ್ತಾರಂತೆ. ಆಮೇಲೆ ಮಾಮೂಲಿ ಗಾಳಿ. ಮತ್ತೆ ಕಡಿಮೆ, ಮತ್ತೆ ಮಾಮೂಲಿ. ಅದು ಮುಗಿದ ಕೂಡಲೇ ಕೈಗೆ ವ್ಯಾಯಾಮ.

ನನಗೆ ಮೈಯೆಲ್ಲಾ ಉರಿಯಿತು. "ಬಿದ್ದಿರೋ ಮನುಷ್ಯನ ಉಸಿರು ಕಟ್ಟಿಸ್ತೀರಾ? ಗಾಯದ ಮೇಲೆ ಬರೆ ಅಂದ್ರೆ ಇದೇ!"

"ಕೂಗ್ಬೇಡಿ. ಉಸಿರು ಕಟ್ಟಿಸಲ್ಲ. ಗಾಳಿ ಧಾರಾಳವಾಗಿರುತ್ತೆ, ಅದರಲ್ಲಿ ಆಮ್ಲಜನಕ ಮಾತ್ರ ಕಡಿಮೆ. ಆ ಕೊರತೆ ಗೊತ್ತಾದಾಗ ಉಳಿದಿರೋ ನರಗಳು ಸ್ವಲ್ಪ ಹೊತ್ತು ಚುರುಕಾಗ್ತವೆ, ಆಗಲೇ ಕೈಗೆ ಕೆಲಸ ಹಚ್ತೀವಿ. ಇನ್ನೂ ಪರೀಕ್ಷೆ ಮಾಡ್ತಿರೋ ಚಿಕಿತ್ಸೆ ಇದು. ಎಲ್ಲರಿಗೂ ಆಗುತ್ತೆ ಅಂತ ಹೇಳೋಕಾಗಲ್ಲ."

ಭಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಕತ್ತರಿ ತೆರೆಯೋಷ್ಟು ಆಗುತ್ತಾ ಮೇಡಂ?"

"ಗೊತ್ತಿಲ್ಲ."

"ಹಾಗಾದ್ರೆ ಹಾಕಿ, ನೋಡೇ ಬಿಡೋಣ."

ನಾನು ಪಕ್ಕದಲ್ಲೇ ಕೂತು ಕಾವಲು ಕಾದೆ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಅಂಕಿ ಇಳಿಯುವುದು, ಮೇಡಂ ಅದರ ಮೇಲಿಂದ ಕಣ್ಣು ಕೀಳದೆ ನಿಲ್ಲುವುದು, ಅಂಕಿ ಮತ್ತೆ ಏರುವುದು. ಭಾವ ಆರಾಮಾಗಿ ಕೂತಿದ್ದರು, ಬೆವರಿದ್ದು ನಾನು. ಮುಗಿದ ಮೇಲೆ ಸ್ಪಂಜನ್ನು ಹಿಡಿ, ಬಿಡು, ಹಿಡಿ, ಬಿಡು. ಕೆಲವು ವಾರ ಕಳೆದ ಮೇಲೆ ಹೆಬ್ಬೆರಳು ಬಾಗಿಲ ಸಂದಿನಷ್ಟು ಬಿಚ್ಚಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವನಿಗೆ ಆಸೆ ತಲೆಗೇರಿತು.

"ಇಷ್ಟು ಕೊಟ್ರೆ ಇಷ್ಟು ಬಿಚ್ತು. ಜಾಸ್ತಿ ಕೊಟ್ರೆ?"

"ಜಾಸ್ತಿ ಆದ್ರೆ ಪ್ರಾಣಕ್ಕೇ ಅಪಾಯ," ಎಂದರು ಮೇಡಂ.

ಭಾವನ ಈ ಆಸೆಯ ಮಾತು ಹೇಗೋ ಪಕ್ಕದ ಬೀದಿಯ ಜಿಮ್ಮಿನವನ ಕಿವಿಗೆ ಬಿತ್ತು. ಮೈಗೆ ಎಣ್ಣೆ, ಮಾತಿಗೆ ಬೆಣ್ಣೆ ಅವನದು. ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಓಡಿಬಂದಳು.

"ಲೋ, ಇವ್ರು ಮನೇಲಿಲ್ಲ ಕಣೋ. ಜಿಮ್ಮಿನವನು ಗಾಡೀಲಿ ಕೂರಿಸ್ಕೊಂಡು ಹೋದನಂತೆ!"

ಜಿಮ್ಮಿನ ಹಿಂದುಗಡೆ, ಹಳೇ ಚಾಪೆಗಳನ್ನು ಒಟ್ಟಿದ್ದ ಕೋಣೆ. ಒಳಗೆ ಕಾಲಿಟ್ಟರೆ ಒಗೆಯದ ಕಾಲುಚೀಲದ ನಾತ. ಭಾವನ ಮುಖಕ್ಕೆ ಒಂದು ರಬ್ಬರ್ ಮಾಸ್ಕ್. ಅದರ ಅಂಚಿನಲ್ಲಿ ಕಪ್ಪು ಜಿಡ್ಡು, ಒಳಗೆ ಯಾರದೋ ಒಣಗಿದ ಎಂಜಲು. ಅದರ ಕೊಳವೆ ಪ್ಲಾಸ್ಟಿಕ್ ಚೀಲವೊಂದಕ್ಕೆ ಸೇರಿತ್ತು. ಬಿಟ್ಟ ಉಸಿರನ್ನೇ ಮತ್ತೆ ಎಳೆಯಬೇಕು, ವಾಂತಿಯನ್ನು ಮತ್ತೆ ನುಂಗಿದ ಹಾಗೆ. ಭಾವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ತಲೆ ಎದೆಗೆ ಬಿದ್ದಿತ್ತು. ಮಾಸ್ಕ್ ಕಿತ್ತೆಸೆದು ಅವರನ್ನು ಕಿಟಕಿಯ ಹತ್ತಿರ ಎಳೆದೆ. ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟರು.

"ಏನ್ರೀ ನೀವು, ಈಗಷ್ಟೇ ಕೆಲಸ ಮಾಡೋಕೆ ಶುರುವಾಗಿತ್ತು!" ಎಂದ ಜಿಮ್ಮಿನವ. "ಮೂಗು ಹಿಡಿದ್ರೆ ಬಾಯಿ ಬಿಡುತ್ತೆ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಆಸ್ಪತ್ರೇಲಿ ಮಾಡೋದೂ ಇದೇ ತಾನೇ?"

ಗ್ರೀಸು ಮೆತ್ತಿದ ಎರಡು ಬೆರಳಲ್ಲಿ ಅವನ ಮೂಗು ಹಿಡಿದೆ. ಬಾಯಿ ಬಿಟ್ಟ. ಗಾದೆ ಸುಳ್ಳಲ್ಲ.

"ಈಗ ಯಾವ ನರ ಚುರುಕಾಯ್ತು ಹೇಳೋ!"

ಆಟೋದಲ್ಲಿ ಭಾವ ನನ್ನ ತೋಳು ಹಿಡಿದುಕೊಂಡರು. "ಮೇಡಂಗೆ ಹೇಳ್ಬೇಡ ಕಣೋ. ಗೊತ್ತಾದ್ರೆ ನನ್ನ ಕೈಬಿಡ್ತಾರೆ."

ನಾನು ಆಟೋವನ್ನು ಮನೆಗೆ ಬಿಡಿಸಲಿಲ್ಲ, ನೇರ ಆಸ್ಪತ್ರೆಗೆ ಬಿಡಿಸಿ ಎಲ್ಲವನ್ನೂ ಒದರಿದೆ. ಎದೆ, ಶ್ವಾಸಕೋಶ ಮತ್ತೆ ಪರೀಕ್ಷಿಸುವವರೆಗೆ ಮಾಸ್ಕ್ ಇಲ್ಲ ಎಂದರು ಮೇಡಂ. ಭಾವ ನನ್ನ ಜೊತೆ ಮಾತು ಬಿಟ್ಟರು. "ನಿನ್ನ ಬಾಯಿಗೆ ಬೀಗ ಇಲ್ವೇನೋ?" ಎಂದಳು ಅಕ್ಕ. ಅವಳೂ! ಜೀವ ಉಳಿಸಿದವನಿಗೆ ಸಿಕ್ಕ ಬಹುಮಾನ ಇದು. ಕೊನೆಗೆ ಮೇಡಂ, ಇನ್ನೊಂದು ಸಲ ಹೀಗಾದರೆ ಹತ್ತಿರ ಸೇರಿಸುವುದಿಲ್ಲ ಎಂದು ಗದರಿಸಿ ಮತ್ತೆ ಮಾಸ್ಕ್ ಶುರುಮಾಡಿದರು. ಜಿಮ್ಮಿನವನ ಬೋರ್ಡು ಇನ್ನೂ ಅಲ್ಲೇ ಇದೆ. ಜನ ಇನ್ನೂ ಹೋಗುತ್ತಾರೆ. ಥೂ.

ಒಂದು ಬೆಳಿಗ್ಗೆ ಎದುರಿನ ಷಟರ್ ಅರ್ಧ ಎದ್ದಿತು. ಒಳಗೆ ಭಾವ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು.

"ಲೋ ಬಾಯಿಬಡುಕ, ಬಾ ಇಲ್ಲಿ. ಕೂತ್ಕೋ."

ತಿಂಗಳುಗಳ ಮೇಲೆ ಆಡಿದ ಮೊದಲ ಮಾತು. ಕೂತೆ. ನನ್ನ ಕುತ್ತಿಗೆಗೆ ಸುತ್ತಿದ ಬಟ್ಟೆಯ ಗಂಟನ್ನು ಎಡಗೈ ಮತ್ತು ಹಲ್ಲಿನಿಂದ ಬಿಗಿದರು. ಮೊಣಕೈಯನ್ನು ನನ್ನ ಭುಜಕ್ಕೆ ಊರಿದರು. ಕತ್ತರಿ ನಡುಗುತ್ತಾ ತೆರೆಯಿತು.

"ಅಲ್ಲಿ ಕಿವಿ ಇದೆ ಭಾವ!"

"ಗೊತ್ತು. ಬಾಯಿಂದಾನೇ ಶುರು ಮಾಡೋಣ ಅಂತಿದ್ದೆ."

ಕಚಕ್. ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು ಕಚಕ್. ಕನ್ನಡಿ ನೋಡಿಕೊಂಡೆ. ಇಲಿ ಕಡಿದ ಗೋಣಿಚೀಲವೇ ವಾಸಿ. ಕಿವಿಯ ಮೇಲೊಂದು ಬೋಳು ಗುಂಡಿ.

"ಅಸಹ್ಯವಾಗಿದೆ," ಎಂದೆ.

ಅವರು ಕತ್ತರಿಯನ್ನು ಕೂದಲಿನಿಂದ ಆಚೆ ಎಳೆದು, ತುಟಿ ಕಚ್ಚಿಕೊಂಡು ತೆರೆದು, ಬರೀ ಗಾಳಿಯಲ್ಲಿ ಒಂದು ಸಲ ಮುಚ್ಚಿದರು. ಕಚ್. ಅಲ್ಲಿಗೆ ಹೆಬ್ಬೆರಳು ಸೋತಿತು. ಎಡಗೈಯಿಂದ ಬಿಡಿಸಿಕೊಳ್ಳಬೇಕಾಯಿತು.

"ಇರೋ ಒಂದಿಷ್ಟು ಶಕ್ತೀನ ಗಾಳಿಗ್ಯಾಕೆ ದಂಡ ಮಾಡ್ತೀರಿ?" ಎಂದು ರೇಗಿದೆ.

"ರೂಢಿ ಕಣೋ," ಎಂದರು ಭಾವ. "ತಲೆ ಅಲ್ಲಾಡಿಸ್ಬೇಡ."