ಕಣಿವೆಯಲ್ಲಿ ಇಲ್ಲದ ಮಂಜು

ಮಂಗಳ ಗ್ರಹವನ್ನು ಸುತ್ತುತ್ತಿದ್ದ ನೌಕೆಯಿಂದ ಚಿತ್ರಗಳು ಬರತೊಡಗಿದ ಎರಡನೆಯ ವರ್ಷ. ನಾನೂ ನನ್ನ ಯಜಮಾನರು ರುದ್ರಮೂರ್ತಿಯವರೂ ಒಂದೇ ವಿಭಾಗದಲ್ಲಿದ್ದೆವು. ಚಿತ್ರ ನೋಡಿ ಅಲ್ಲಿನ ನೆಲ, ಧೂಳು, ಮೋಡಗಳನ್ನು ಗುರುತಿಸುವುದು ಅವರ ಕೆಲಸ. ಕ್ಯಾಮೆರಾದ ದೋಷಗಳನ್ನು ಹುಡುಕಿ ಚಿತ್ರದಿಂದ ಕಳೆಯುವುದು ನನ್ನದು. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಆ ಎರಡನೆಯ ವರ್ಷ ಅವರು ಮಂಗಳದ ಆಳವಾದ ಕಣಿವೆಯೊಂದರ ತಳದಲ್ಲಿ ಬೆಳ್ಳನೆಯ ಪೊರೆ ಹರಡಿದ್ದನ್ನು ಕಂಡಿದ್ದರು. ಅಲ್ಲಿನ ಗಾಳಿ ಬಹಳ ತೆಳು. ಆದರೂ ರಾತ್ರಿಯ ಚಳಿಗೆ ಅದರಲ್ಲಿನ ಅಲ್ಪ ತೇವ ಹೆಪ್ಪುಗಟ್ಟಿ ಬೆಳಿಗ್ಗೆ ಮಂಜಾಗಿ ನಿಲ್ಲುವುದುಂಟು. ಇದೂ ಅದೇ ಎಂದು ಲೇಖನ ಬರೆದರು. ಅವರೊಬ್ಬರ ಹೆಸರಿನಲ್ಲೇ ಬರಲಿದ್ದ ಮೊದಲ ಲೇಖನ ಅದು. ಸುದ್ದಿ ತಿಳಿದ ತರೀಕೆರೆಯ ಕಾಲೇಜೊಂದು, ಅಜ್ಜಂಪುರದ ನಮ್ಮ ಹುಡುಗ ಎಂದು, ಉಪನ್ಯಾಸಕ್ಕೂ ಸನ್ಮಾನಕ್ಕೂ ಕರೆಯಿತು.

ಹಿಂದಿನ ದಿನ ಕಡೂರಿನ ನನ್ನ ತವರಿಗೆ ಬಂದಿಳಿದೆವು. ಸಂಜೆ ಲ್ಯಾಪ್‌ಟಾಪ್ ತೆರೆದೆ. ನೌಕೆ ಕಣಿವೆಯ ಮೇಲೆ ಹೋಗುವಾಗ ಲೆನ್ಸಿನ ಮೇಲೆ ಬಿಸಿಲು ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ, ಕ್ಯಾಮೆರಾವನ್ನು ಖಾಲಿ ಆಕಾಶಕ್ಕೆ ತಿರುಗಿಸಿ ಚಿತ್ರ ತೆಗೆಸಲು ನಾನು ಕೇಳಿದ್ದೆ. ಅವು ಬಂದಿದ್ದವು. ಎಲ್ಲ ಕಪ್ಪಗಿರಬೇಕಿತ್ತು. ಎಡಗಡೆಯ ಕೆಳಮೂಲೆಯಲ್ಲಿ ಅದೇ ಬಿಳಿ ಪೊರೆ, ಅದೇ ಆಕಾರದಲ್ಲಿ ಇತ್ತು. ಓರೆ ಬಿಸಿಲು ಲೆನ್ಸಿಗೆ ತಾಗಿ ಹಾಗೆ ಕಾಣುತ್ತಿತ್ತು.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ತಪ್ಪು ಕಂಡವರು ಮೇಲಿನವರಿಗೆ ತಿಳಿಸುವ ಮೊದಲು, ಆ ಚಿತ್ರವನ್ನು ನೋಡಿ ಅರ್ಥ ಹೇಳಿದವರ ಎದುರು ಕೂತು ಹೇಳಬೇಕು. ಆದರೆ ಅಮ್ಮ ಅಳಿಯನಿಗೆಂದು ಹೋಳಿಗೆ ಮಾಡುತ್ತಿದ್ದಳು. ಮನೆಯಲ್ಲಿ ಬಾಯಿ ಬರಲಿಲ್ಲ. ಬೆಳಿಗ್ಗೆ ತರೀಕೆರೆ ಬಸ್ಸಿನಲ್ಲಿ ಹೇಳಿದೆ.

"ರೀ, ಆ ಮಂಜು ಕ್ಯಾಮ್ರಾದ್ದು ಕಣ್ರೀ."

"ಏನೇ ಹಂಗಂದ್ರೆ?"

ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟೆ. ಬಹಳ ಹೊತ್ತು ನೋಡಿದರು.

"ಇವತ್ತೇ ಹೇಳ್ಬೇಕಿತ್ತೇನೇ? ನಾಳೆ ಹೇಳಿದ್ರೆ ಮಂಗಳ ಗ್ರಹ ಉದ್ರೋಗ್ತಿತ್ತಾ?"

"ಇವತ್ತು ನೀವು ಮಂಜು ಅಂತ ಹೇಳ್ಬಿಟ್ರೆ, ನಾಳೆ ವಾಪಸ್ ತಗೊಳ್ಳೋಕಾಗುತ್ತಾ?"

ಮುಖವನ್ನು ಕಿಟಕಿಗೆ ತಿರುಗಿಸಿಕೊಂಡರು. ಬೀರೂರು ದಾಟಿತು. ತರೀಕೆರೆ ಹತ್ತಿರ ಬಂದಾಗ, "ಆ ಕಪ್ಪು ಚಿತ್ರಾನೂ ನನ್ ಪೆನ್‌ಡ್ರೈವ್‌ಗೆ ಹಾಕು" ಎಂದರು.

ವೇದಿಕೆಯಲ್ಲಿ ಎರಡೂ ಚಿತ್ರಗಳನ್ನು ಪಕ್ಕಪಕ್ಕ ತೋರಿಸಿ, ತಾವು ಮಂಜೆಂದುಕೊಂಡದ್ದು ಲೆನ್ಸಿಗೆ ತಾಗಿದ ಬಿಸಿಲು ಎಂದರು. ಅವರಿಗೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಮುಂದಿನ ಸಾಲಿನಿಂದ ಎದ್ದರು.

"ಹಂಗಾದ್ರೆ ನೀನು ಕಂಡುಹಿಡ್ದಿದ್ದೇನಪ್ಪಾ?"

"ಸದ್ಯಕ್ಕೆ ಏನೂ ಇಲ್ಲ ಸಾರ್. ಆ ಶಾಲು ಬೇಕಾದ್ರೆ ನನ್ ಹೆಂಡ್ತಿಗೆ ಹೊದ್ಸಿ."

ಸಭೆ ನಕ್ಕಿತು. ಅವರು ನಗಲಿಲ್ಲ.

ಊರಿಂದ ಹಿಂತಿರುಗಿ ಲೇಖನವನ್ನು ವಾಪಸ್ ಪಡೆದರು. ಪೊರೆಯನ್ನು ಕಳೆದ ಮೇಲೆ ಕಣಿವೆಯ ತಳದ ಕಲ್ಲಿನ ಪದರಗಳು, ಕುಸಿದ ಬಂಡೆಗಳು ನಿಚ್ಚಳವಾಗಿ ಕಂಡವು. ಅವುಗಳ ಬಗ್ಗೆ ಬರೆದು ಹೆಸರು ಪಡೆದವರು ಬೇರೆಯವರು.

ಈಗ ಮನೆಗೆ ಬಂದವರು, "ನಿಮ್ಮೆಜಮಾನ್ರು ಸಿಟ್ಟು ಅಂದ್ರೇನು ಅಂತ್ಲೇ ತಿಳೀದ ಮನುಷ್ಯ ಕಣಮ್ಮ" ಎನ್ನುತ್ತಾರೆ. ನನ್ನ ಸಮಾಧಾನಕ್ಕೆ ಹೇಳುವ ಮಾತು. ನಾನು ತಲೆಯಾಡಿಸುವುದಿಲ್ಲ. ಬರುತ್ತಿತ್ತು, ತರೀಕೆರೆ ಬಸ್ಸಿನಲ್ಲಿ ಒಮ್ಮೆ ನನ್ನ ಮೇಲೇ ಬಂದು ವಾರವಿಡೀ ಇತ್ತು, ಎನ್ನುತ್ತೇನೆ. ಲೆನ್ಸಿನದಾಗಲಿ ಸಮಾಧಾನದ ಮಾತಿನದಾಗಲಿ, ನೋಡುವವರ ಕಡೆಯಿಂದ ಸೇರಿಕೊಂಡ ಬೆಳಕನ್ನು ಕಳೆಯದೆ ಎದುರಿಗಿರುವುದು ಕಾಣುವುದಿಲ್ಲ ಎಂದು ಕೆಲಸ ನನಗೆ ಕಲಿಸಿದೆ. ಸಿಟ್ಟಿನಲ್ಲಿದ್ದೂ ಇದ್ದದ್ದನ್ನು ಇದ್ದಹಾಗೆ ಹೇಳಿದರಲ್ಲ, ನನಗೆ ಆ ಮನುಷ್ಯರೇ ಬೇಕು.